ಕಡಲಿಗೆ ನೀರುಗಂಟಿ ಯಾರು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ – ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ಬೋಳು ಬಂಡೆಯ ಬೆಟ್ಟಗಳು, ಕಡಲೆಕಾಯಿಯ ಹೊಲಗಳು, ಮಳೆಗಾಗಿ ಬಾಯ್ದೆರೆದು ಕಾಯುವ ಕೆರೆಗಳು. ಇಲ್ಲಿಯ ಸರಾಸರಿ ಮಳೆ ವರ್ಷಕ್ಕೆ ೫೦೦ರಿಂದ ೭೦೦ ಮಿಲಿಮೀಟರಿನ ಆಸುಪಾಸಿನದು. ಮಧುಗಿರಿಯಿಂದ ಅರಬ್ಬೀ ಸಮುದ್ರದ ದಡಕ್ಕೆ ನೇರವಾಗಿ ಗೆರೆ ಎಳೆದು ಅಳೆದರೂ ೨೫೦ ಕಿಲೋಮೀಟರನ್ನು ಮೀರುತ್ತದೆ. ಇಂಥ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗಳ ಮುಂದೆ ಕಡಲ ಮೀನುಗಾರಿಕೆಯ ಮಾತನ್ನೆತ್ತಿದರೆ, 'ನಮಗೂ ಅದಕ್ಕೂ ಏನು ಸಂಬಂಧ?' ಎಂದು ಕೇಳುವುದು ಸಹಜವೇ ಸರಿ.

ಸಂಬಂಧವುಂಟು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಕೂಡುವ ಜಯಮಂಗಲಿಯ ನೀರು, ದಾರಿಯಲ್ಲಿ ಬಳಕೆಯಾಗಿ ಉಳಿದಷ್ಟು, ಕೊನೆಗೆ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನೇ ಸೇರತಕ್ಕದ್ದು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ನೀರಿನ ಸಂಬಂಧವನ್ನಲ್ಲ, ವಿಚಾರದ ಸಂಬಂಧವನ್ನು. ಹಲವರಿಗೆ ಸೇರಿದ ಸೊತ್ತನ್ನು ಬರಿದಾಗದಂತೆ ಬಳಸುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಕೆರೆಗಳು ಶತಮಾನಗಳಿಂದ ಎದುರಿಸಿವೆ. ಇಡೀ ದೇಶವು ತನ್ನ ಕಡಲ ವಿಷಯದಲ್ಲಿ ಇಂದು ಎದುರಿಸುತ್ತಿರುವುದೂ ಅದೇ ಪ್ರಶ್ನೆಯೇ. ಕೆರೆಯನ್ನು ಬಲ್ಲವರಿಗೆ ಕಡಲ ಸಮಸ್ಯೆಯನ್ನು ತಿಳಿಯುವುದು ಕಷ್ಟವಲ್ಲ.

ಕೆರೆಯ ಮೀನು, ಕಡಲ ಮೀನು

ಸಿರಾ ಪಟ್ಟಣದ ದೊಡ್ಡ ಕೆರೆಯನ್ನೋ ಕೊರಟಗೆರೆ ತಾಲ್ಲೂಕಿನ ತೀತಾ ಜಲಾಶಯವನ್ನೋ ಮನಸ್ಸಿಗೆ ತಂದುಕೊಳ್ಳೋಣ. ಕೆರೆಗೆ ಏರಿಯುಂಟು, ತೂಬುಂಟು, ಹೆಚ್ಚಿದ ನೀರು ಹೊರಬೀಳಲು ಕೋಡಿಯುಂಟು. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಡತಕ್ಕದ್ದೆಂಬುದನ್ನು ನೋಡಿಕೊಳ್ಳುವವನು ನೀರುಗಂಟಿ. ಅವನ ಕೈಯಲ್ಲಿ ದೊಡ್ಡ ಅಧಿಕಾರವೇನೂ ಇಲ್ಲ. ಆದರೂ ಊರಿನವರು ಅವನ ಮಾತನ್ನು ನಡಸಿಕೊಡುತ್ತಾರೆ. ಏಕೆಂದರೆ ತೂಬನ್ನು ಮನಬಂದವರು ಮನಬಂದಾಗ ಎತ್ತಿದರೆ ಕೆರೆ ಬತ್ತುವುದು ಎಲ್ಲರಿಗೂ ತಿಳಿದಿದೆ.

ಇದೇ ಕೆರೆಯ ಮೀನಿಗೂ ಒಂದು ವ್ಯವಸ್ಥೆಯಿದೆ. ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಪಡೆದವರಿಗೋ ಗೊತ್ತಾದ ಅವಧಿಗೆ ಗುತ್ತಿಗೆ ಕೊಡುತ್ತಾರೆ. ಗುತ್ತಿಗೆ ಪಡೆದವರು ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಮೀನಿನ ಮರಿಗಳನ್ನು ತಂದು ಬಿಡುತ್ತಾರೆ. ಈ ಜಾತಿಗಳು ಹರಿಯುವ ನದಿಯ ಮುಂಗಾರು ಪ್ರವಾಹದಲ್ಲಿ ಮೊಟ್ಟೆಯಿಡುವಂಥವು. ನಿಂತ ನೀರಿನ ಕೆರೆಯಲ್ಲಿ ತಾವಾಗಿ ಸಂತಾನವನ್ನು ಬೆಳಸುವುದಿಲ್ಲ. ೧೯೫೭ರಲ್ಲಿ ಹೀರಾಲಾಲ್ ಚೌಧುರಿಯವರು ಗ್ರಂಥಿರಸದ ಚುಚ್ಚುಮದ್ದಿನಿಂದ ಈ ಮೀನುಗಳನ್ನು ಮೊಟ್ಟೆಯಿಡಿಸುವ ವಿಧಾನದಲ್ಲಿ ಯಶಸ್ಸು ಪಡೆದ ಮೇಲೆಯೇ ಮರಿಗಳು ಬೇಕಾದಷ್ಟು ದೊರೆಯುವಂತಾದದ್ದು. ಆದ್ದರಿಂದ ಕೆರೆಯ ಮೀನು ಬಿತ್ತಿ ಬೆಳೆದ ರಾಗಿಯಂತೆ. ಬಿತ್ತಿದವನು ಯಾರು, ಕೊಯ್ಯುವವನು ಯಾರು ಎಂಬುದರಲ್ಲಿ ಗೊಂದಲವಿಲ್ಲ. ಒಂದು ವರ್ಷ ಎಲ್ಲವನ್ನೂ ಹಿಡಿದರೂ ಮುಂದಿನ ವರ್ಷ ಮರಿಗಳನ್ನು ಮತ್ತೆ ತಂದು ಬಿಡಬಹುದು.

ಕಡಲಿನಲ್ಲಿ ಹೀಗಿಲ್ಲ. ಅಲ್ಲಿ ಬಿತ್ತುವವರಿಲ್ಲ, ಕೊಯ್ಯುವವರು ಮಾತ್ರ ಇದ್ದಾರೆ. ಉಳಿದ ಮೀನೇ ಮುಂದಿನ ಬೆಳೆಯ ಬೀಜ. ಏರಿಯಿಲ್ಲ, ಕೋಡಿಯಿಲ್ಲ, ಇಂದು ಮಲ್ಪೆಯ ಎದುರಿಗಿದ್ದ ಮೀನಿನ ಹಿಂಡು ಕೆಲವು ದಿನಗಳಲ್ಲಿ ಮಂಗಳೂರಿನ ಎದುರಿಗೆ ಇರಬಹುದು. ನಾನು ಹಿಡಿಯದೆ ಬಿಟ್ಟ ಮೀನನ್ನು ಇನ್ನೊಬ್ಬನು ಹಿಡಿಯುತ್ತಾನೆಂಬ ಶಂಕೆ ಪ್ರತಿಯೊಬ್ಬನಿಗೂ ಇದ್ದಾಗ ಬಿಡುವವರು ಯಾರು?

ಬಡ್ಡಿಯೂ ಅಸಲೂ

ಇಲ್ಲಿ ಸ್ವಲ್ಪ ಗಣಿತ ಬೇಕಾಗುತ್ತದೆ. ಬೆಲ್ಜಿಯಮ್ ದೇಶದ ವೆರ್ಹುಲ್ಸ್ಟ್ ಎಂಬ ಗಣಿತಜ್ಞನು ೧೮೩೮ರಲ್ಲಿ ಜೀವಿಗಳ ಸಂಖ್ಯೆ ಬೆಳೆಯುವ ಬಗೆಯನ್ನು ಒಂದು ಸರಳ ಸೂತ್ರದಲ್ಲಿ ಹೇಳಿದನು. ೧೯೫೪ರಲ್ಲಿ ಅಮೆರಿಕದ ಮಿಲ್ನರ್ ಷೇಫರ್ ಅದನ್ನು ಮೀನುಗಾರಿಕೆಗೆ ಅನ್ವಯಿಸಿದನು. ಲೆಕ್ಕಕ್ಕೆಂದು ಒಂದು ಕಲ್ಪಿತ ಕಡಲನ್ನು ತೆಗೆದುಕೊಳ್ಳೋಣ. ಅದರ ಆಹಾರವೂ ಸ್ಥಳವೂ ಹೆಚ್ಚೆಂದರೆ ೧,೦೦೦ ಟನ್ ಮೀನನ್ನು ಸಾಕಬಲ್ಲವು. ವರ್ಷದ ಬೆಳವಣಿಗೆಯು ಈ ಸೂತ್ರದಂತೆ ನಡೆಯಲಿ:

ಬೆಳವಣಿಗೆ = ೦.೪ × ಮೀನಿನ ತೂಕ × (೧ − ಮೀನಿನ ತೂಕ ÷ ೧,೦೦೦)

ಕಡಲಲ್ಲಿ ೧,೦೦೦ ಟನ್ ತುಂಬಿದ್ದಾಗ ಬೆಳವಣಿಗೆ ಸೊನ್ನೆ, ಹುಟ್ಟಿದಷ್ಟೇ ಸಾಯುತ್ತವೆ. ೮೦೦ ಟನ್ ಇದ್ದಾಗ ಬೆಳವಣಿಗೆ ೬೪ ಟನ್. ೫೦೦ ಟನ್ ಇದ್ದಾಗ ಅತಿ ಹೆಚ್ಚು, ೧೦೦ ಟನ್. ೨೦೦ ಟನ್ ಇದ್ದಾಗ ಮತ್ತೆ ೬೪ ಟನ್. ಆದ್ದರಿಂದ ಈ ಕಡಲಿನಿಂದ ವರ್ಷಕ್ಕೆ ೧೦೦ ಟನ್‌ವರೆಗೆ, ಅಸಲನ್ನು ಕೆಡಿಸದೆ ಬಡ್ಡಿಯನ್ನಷ್ಟೇ ತಿನ್ನುವವರಂತೆ, ಹಿಡಿಯುತ್ತಾ ಹೋಗಬಹುದು. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ೮೦೦ ಟನ್ ಇರುವ ಕಡಲೂ ೨೦೦ ಟನ್ ಇರುವ ಕಡಲೂ ಕೊಡುವ ಬಡ್ಡಿ ಒಂದೇ, ೬೪ ಟನ್. ಆದರೆ ಎರಡನೆಯದರಲ್ಲಿ ಮೀನು ನಾಲ್ಕು ಪಟ್ಟು ವಿರಳ. ಅಷ್ಟೇ ಮೀನನ್ನು ಹುಡುಕಿ ಹಿಡಿಯಲು ನಾಲ್ಕು ಪಟ್ಟು ಶ್ರಮವೂ ಎಣ್ಣೆಯೂ ಬೇಕು. ಮೀನುಗಾರನು ಬಡವನಾಗುವುದು ಹೀಗೆ.

ಈಗ ೧೦೦ ಟನ್ನಿಗೆ ಬದಲಾಗಿ ಪ್ರತಿ ವರ್ಷ ೧೨೦ ಟನ್ ಹಿಡಿಯುತ್ತಾರೆನ್ನೋಣ. ಹೆಚ್ಚೇನೂ ಅಲ್ಲವೆಂದು ತೋರುತ್ತದೆ. ೧,೦೦೦ ಟನ್ನಿನಿಂದ ಆರಂಭಿಸಿ ವರ್ಷ ವರ್ಷದ ಲೆಕ್ಕವನ್ನು ಮಾಡಿ ನೋಡಿ. ಹತ್ತು ವರ್ಷಗಳ ಕೊನೆಗೆ ಕಡಲಲ್ಲಿ ಸುಮಾರು ೫೩೮ ಟನ್ ಉಳಿದಿರುತ್ತದೆ; ಇಪ್ಪತ್ತು ವರ್ಷಗಳ ಕೊನೆಗೆ ೩೧೦ ಟನ್; ಇಪ್ಪತ್ತೈದು ವರ್ಷಗಳ ಕೊನೆಗೆ ಬರಿಯ ೫೪ ಟನ್. ಇಪ್ಪತ್ತಾರನೆಯ ವರ್ಷ ಹಿಡಿಯಲು ೧೨೦ ಟನ್ ಮೀನೇ ಇರುವುದಿಲ್ಲ. ದಡದ ಮೇಲೆ ನಿಂತು ನೋಡಿದವನಿಗೆ ಕಂಡದ್ದೇನು? ಇಪ್ಪತ್ತೈದು ವರ್ಷ ಬುಟ್ಟಿ ತುಂಬ ಅದೇ ೧೨೦ ಟನ್. ಆಮೇಲೆ ಒಮ್ಮೆಲೇ ಬರಿದು! ದಡಕ್ಕೆ ಬಂದ ಮೀನಿನ ಮೊತ್ತವೊಂದನ್ನೇ ನೋಡಿ ಕಡಲು ಸುಖವಾಗಿದೆಯೆಂದು ತೀರ್ಮಾನಿಸಲಾಗದೆಂಬುದು ಈ ಲೆಕ್ಕದ ಮುಖ್ಯವಾದ ಪಾಠ.

ಕಾಣದ ಮೀನನ್ನು ಎಣಿಸುವುದು

ಹಾಗಾದರೆ ಕಡಲಲ್ಲಿ ಮೀನೆಷ್ಟಿದೆಯೆಂದು ತಿಳಿಯುವ ಬಗೆ ಹೇಗೆ? ಪಾವಗಡದ ಕಡಲೆಕಾಯಿಯ ಇಳುವರಿಯನ್ನು ಗೊತ್ತುಮಾಡಲು ತಾಲ್ಲೂಕಿನ ಪ್ರತಿ ಹೊಲವನ್ನೂ ಅಳೆಯುವುದಿಲ್ಲ. ಚೀಟಿಯೆತ್ತಿದಂತೆ ಕೆಲವು ಹೊಲಗಳನ್ನು ಆರಿಸಿ, ಅವುಗಳಲ್ಲಿ ಗೊತ್ತಾದ ಅಳತೆಯ ಚೌಕದ ಬೆಳೆಯನ್ನು ಕಿತ್ತು ತೂಗಿ, ಅದರಿಂದ ಇಡೀ ಸೀಮೆಯ ಇಳುವರಿಯನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಬೆಳೆ ಕಟಾವು ಪ್ರಯೋಗವೆಂದು ಹೆಸರು. ಕಡಲ ಮೀನನ್ನೂ ಹೀಗೆಯೇ ಅಂದಾಜು ಮಾಡುತ್ತಾರೆ. ೧೯೪೭ರಲ್ಲಿ ಸ್ಥಾಪಿತವಾಗಿ ಇಂದು ಕೊಚ್ಚಿಯಲ್ಲಿ ನೆಲಸಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯವರು, ದೇಶದ ಕರಾವಳಿಯುದ್ದಕ್ಕೂ ಇರುವ ಸಾವಿರಕ್ಕೂ ಮೀರಿದ ಇಳಿದಾಣಗಳ ಪೈಕಿ ಕೆಲವನ್ನು, ಕೆಲವು ದಿನಗಳನ್ನು, ಕೆಲವು ದೋಣಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಬಂದ ಮೀನನ್ನು ಜಾತಿವಾರಾಗಿ ತೂಗಿ, ಉದ್ದವನ್ನು ಅಳೆದು ಬರೆದುಕೊಳ್ಳುತ್ತಾರೆ. ಅವರ ಅಂದಾಜಿನಂತೆ ೨೦೨೨ರಲ್ಲಿ ಭಾರತದ ಮುಖ್ಯ ಭೂಭಾಗದ ಕರಾವಳಿಯಲ್ಲಿ ಇಳಿದ ಮೀನು ೩೪.೯ ಲಕ್ಷ ಟನ್. ಅದರಲ್ಲಿ ತಮಿಳುನಾಡು ಮೊದಲು, ೬.೯೫ ಲಕ್ಷ ಟನ್ನಿನಿಂದ ಕರ್ನಾಟಕ ಎರಡನೆಯದು.

ಮೊತ್ತಕ್ಕಿಂತ ಹೆಚ್ಚಿನ ಸುದ್ದಿಯನ್ನು ಉದ್ದದ ಅಳತೆ ಹೇಳುತ್ತದೆ. ಒಂದು ಜಾತಿಯ ಮೀನಿನ ಸರಾಸರಿ ಉದ್ದ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದರೆ, ದೊಡ್ಡವು ತೀರಿ ಮರಿಗಳೇ ಬಲೆಗೆ ಬೀಳುತ್ತಿವೆಯೆಂದು ಅರ್ಥ. ಒಂದು ದೋಣಿ ಒಂದು ದಿನ ದುಡಿದರೆ ಸಿಕ್ಕುವ ಮೀನಿನ ಪ್ರಮಾಣ ಇಳಿದರೂ ಎಚ್ಚರ ವಹಿಸಬೇಕು. ಆದರೆ ಹಿಂಡುಗೂಡುವ ಜಾತಿಗಳಲ್ಲಿ ಈ ಎಚ್ಚರಿಕೆಯೂ ತಡವಾಗಿ ಬರಬಹುದು. ಕಡಲಲ್ಲಿ ಮೀನು ಅರ್ಧಕ್ಕಿಳಿದರೂ ಉಳಿದವು ಹಿಂಡಾಗಿಯೇ ಇರುವುದರಿಂದ, ಹಿಂಡನ್ನು ಪತ್ತೆಮಾಡಬಲ್ಲ ದೋಣಿಯ ಬಲೆ ತುಂಬುತ್ತಲೇ ಇರುತ್ತದೆ.

ಬೂತಾಯಿಯ ಏರಿಳಿತ

ಪಶ್ಚಿಮ ಕರಾವಳಿಯ ಬಡವನ ಮೀನೆಂದು ಹೆಸರಾದದ್ದು ದಕ್ಷಿಣ ಕನ್ನಡದವರು ಬೂತಾಯಿಯೆಂದೂ ಉತ್ತರ ಕನ್ನಡದವರು ತಾರ್ಲೆಯೆಂದೂ ಕರೆಯುವ ಮೀನು. ಅದು ಬದುಕುವುದು ಎರಡು ಮೂರು ವರ್ಷ ಮಾತ್ರ. ಒಂದು ವರ್ಷ ತುಂಬುವ ಹೊತ್ತಿಗೆ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಅದರ ಏರಿಳಿತ ಹಿಂದಿನಿಂದಲೂ ಜನರನ್ನು ಕಾಡಿದೆ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಬೂತಾಯಿ ಕ್ಷೀಣಿಸಿತೆಂದು ೧೯೪೩ರಲ್ಲಿ ಅಲ್ಲಿಯ ಸರಕಾರ ಮರಿಗಳನ್ನೂ ಮೊಟ್ಟೆಯಿಡುವ ಮೀನುಗಳನ್ನೂ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಕೆಲವೇ ವರ್ಷಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ನಮ್ಮ ಕಾಲದ ಉದಾಹರಣೆ ಇನ್ನೂ ತೀವ್ರವಾದುದು. ನೆರೆಯ ಕೇರಳದಲ್ಲಿ ೨೦೧೨ರಲ್ಲಿ ಸುಮಾರು ೩.೯ ಲಕ್ಷ ಟನ್ ಬೂತಾಯಿ ಇಳಿದಿತ್ತು. ೨೦೨೧ರಲ್ಲಿ ಇಳಿದದ್ದು ಕೇವಲ ೩,೨೯೭ ಟನ್, ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಮಿತಿಮೀರಿದ ಹಿಡಿತವೂ, ೨೦೧೫ರ ಎಲ್ ನಿನೋ ಕಾಲದಲ್ಲಿ ಕಡಲ ನೀರಿನ ಸ್ಥಿತಿ ಬದಲಾದದ್ದೂ ಕೂಡಿ ಈ ಪತನವನ್ನು ತಂದುವೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಮತ್ತೆ ೨೦೨೩ರಲ್ಲಿ ಅದು ೧.೩೮ ಲಕ್ಷ ಟನ್ನಿಗೆ ಏರಿತು.

ಇದನ್ನು ಕೆನಡಾ ದೇಶದ ಕಾಡ್ ಮೀನಿನೊಡನೆ ಹೋಲಿಸಿ ನೋಡಬೇಕು. ನ್ಯೂಫೌಂಡ್‌ಲೆಂಡಿನ ಕಡಲಿನಲ್ಲಿ ಶತಮಾನಗಳ ಕಾಲ ಜನರನ್ನು ಪೋಷಿಸಿದ ಈ ಮೀನು ಕ್ಷಯಿಸಿದ್ದರಿಂದ, ೧೯೯೨ರ ಜುಲೈಯಲ್ಲಿ ಸರಕಾರ ಅದರ ಹಿಡಿತವನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಕುಟುಂಬಗಳ ಕಸುಬು ಒಂದೇ ದಿನದಲ್ಲಿ ಹೋಯಿತು. ಆ ನಿಷೇಧ ತೆರವಾದದ್ದು ಮೂವತ್ತೆರಡು ವರ್ಷಗಳ ಮೇಲೆ, ೨೦೨೪ರಲ್ಲಿ. ಅದೂ ಅಲ್ಪ ಪ್ರಮಾಣಕ್ಕೆ. ಬೂತಾಯಿ ಕೆಲವೇ ವರ್ಷಗಳಲ್ಲಿ ಚೇತರಿಸಿಕೊಂಡದ್ದೂ ಕಾಡ್ ದಶಕಗಳ ಕಾಲ ಏಳದಿದ್ದುದೂ ಏಕೆ? ಮೇಲಿನ ಸೂತ್ರದ ೦.೪ ಎಂಬ ಅಂಕಿಯನ್ನು ನೋಡಿ. ಬೇಗ ಪ್ರಾಯಕ್ಕೆ ಬರುವ ಮೀನಿಗೆ ಆ ಅಂಕಿ ದೊಡ್ಡದು. ನಿಧಾನವಾಗಿ ಬೆಳೆಯುವ ಕಾಡ್, ತಾಟೆ ಮುಂತಾದವುಗಳಿಗೆ ಚಿಕ್ಕದು. ಆದ್ದರಿಂದ ಒಂದೇ ನಿಯಮ ಎಲ್ಲ ಮೀನಿಗೂ ಒಪ್ಪುವುದಿಲ್ಲ.

ಒಂದು ಬಲೆಗೆ ನೂರು ಜಾತಿ

ನಮ್ಮ ದೇಶದ ಕಷ್ಟ ಇರುವುದೇ ಇಲ್ಲಿ. ನಾರ್ವೆ, ಐಸ್‌ಲೆಂಡ್‌ಗಳಂಥ ಶೀತ ದೇಶಗಳ ಕಡಲಿನಲ್ಲಿ ಕೆಲವೇ ಜಾತಿಗಳು ಅಪಾರ ಸಂಖ್ಯೆಯಲ್ಲಿರುತ್ತವೆ. ನ್ಯೂಜಿಲೆಂಡ್ ೧೯೮೬ರಿಂದ ಪ್ರತಿ ಜಾತಿಗೂ ಈ ವರ್ಷ ಇಷ್ಟೇ ಟನ್ ಎಂದು ಗೊತ್ತುಮಾಡಿ, ಆ ಮೊತ್ತವನ್ನು ಮೀನುಗಾರರಿಗೆ ಪಾಲು ಹಂಚುವ ಪದ್ಧತಿಯನ್ನು ನಡಸಿಕೊಂಡು ಬಂದಿದೆ. ನಮ್ಮ ಉಷ್ಣವಲಯದ ಕಡಲಿನಲ್ಲಾದರೋ ನೂರಾರು ಜಾತಿಗಳಿವೆ. ಮಂಗಳೂರಿನಲ್ಲಿ ಒಂದು ಟ್ರಾಲ್ ಬೋಟಿನ ಬಲೆಯನ್ನು ಸುರಿದರೆ ಸಿಗಡಿ, ಮದಿಮಲ್, ಬೊಂಡಾಸ್, ನಂಗ್ ಎಲ್ಲವೂ ಒಟ್ಟಾಗಿ ಬೀಳುತ್ತವೆ. ಒಂದು ಜಾತಿಯ ಪಾಲು ಮುಗಿಯಿತೆಂದು ಅದನ್ನು ಮಾತ್ರ ಬಿಟ್ಟು ಉಳಿದವನ್ನು ಹಿಡಿಯಲು ಬಲೆಗೆ ಬುದ್ಧಿಯಿಲ್ಲ. ಸಾವಿರಾರು ಚಿಕ್ಕ ದೋಣಿಗಳು ಸಾವಿರಕ್ಕೂ ಹೆಚ್ಚು ಕಡೆ ದಡ ಮುಟ್ಟುವಾಗ ಪ್ರತಿಯೊಂದರ ಮೀನನ್ನೂ ತೂಗಿ ಲೆಕ್ಕವಿಡುವವರಾದರೂ ಯಾರು? ಆದ್ದರಿಂದ ಎಷ್ಟು ಹಿಡಿಯಬೇಕು ಎಂಬುದಕ್ಕಿಂತ ಯಾವಾಗ, ಎಲ್ಲಿ, ಯಾವುದರಿಂದ ಹಿಡಿಯಬೇಕು ಎಂಬುದನ್ನು ನಿಯಂತ್ರಿಸುವುದೇ ನಮ್ಮಲ್ಲಿ ನಡೆದು ಬಂದಿರುವ ದಾರಿ.

ಕಡಲು ಯಾರದು?

ಈ ನಿಯಂತ್ರಣದ ಅಧಿಕಾರವನ್ನು ಸಂವಿಧಾನವು ಎರಡಾಗಿ ಹಂಚಿದೆ. ದಡದಿಂದ ೧೨ ನಾಟಿಕಲ್ ಮೈಲಿಗಳವರೆಗೆ, ಅಂದರೆ ಸುಮಾರು ೨೨ ಕಿಲೋಮೀಟರುಗಳವರೆಗಿನ ಮೀನುಗಾರಿಕೆ ರಾಜ್ಯಗಳದು, ಅದರಾಚೆಯದು ಕೇಂದ್ರದ್ದು. ೧೯೭೬ರ ಸಾಗರ ವಲಯಗಳ ಕಾಯಿದೆಯ ಮೂಲಕ ಭಾರತವು ೨೦೦ ನಾಟಿಕಲ್ ಮೈಲಿಗಳವರೆಗಿನ ಕಡಲನ್ನು, ಸುಮಾರು ೨೦ ಲಕ್ಷ ಚದರ ಕಿಲೋಮೀಟರುಗಳನ್ನು, ತನ್ನ ಅನನ್ಯ ಆರ್ಥಿಕ ವಲಯವೆಂದು ಸಾರಿತು. ಕರ್ನಾಟಕವು ತನ್ನ ಪಾಲಿನ ಕಡಲಿಗಾಗಿ ೧೯೮೬ರಲ್ಲಿ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆಯನ್ನು ಮಾಡಿತು. ಹೊರಗಿನ ವಲಯದಲ್ಲಿ ವಿದೇಶೀ ಹಡಗುಗಳನ್ನು ತಡೆಯಲು ೧೯೮೧ರಲ್ಲೇ ಕಾಯಿದೆಯಾಯಿತಾದರೂ, ನಮ್ಮವೇ ದೋಣಿಗಳು ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಬಹುಕಾಲ ಸಮಗ್ರ ನಿಯಮವಿರಲಿಲ್ಲ. ೨೦೨೫ರ ನವೆಂಬರಿನಲ್ಲಿ ಕೇಂದ್ರವು ಅದಕ್ಕಾಗಿ ನಿಯಮಗಳನ್ನು ಹೊರಡಿಸಿ, ಅಲ್ಲಿಗೆ ಹೋಗುವ ಯಾಂತ್ರಿಕ ದೋಣಿಗಳಿಗೆ ಪ್ರವೇಶಪತ್ರವನ್ನು ಕಡ್ಡಾಯಗೊಳಿಸಿತು. ಮೀನಿಗೆ ಮಾತ್ರ ಈ ಗಡಿಗಳಾವುವೂ ತಿಳಿಯವು. ಕರ್ನಾಟಕ ಮರಿಯನ್ನು ಉಳಿಸಿ ನೆರೆಯ ರಾಜ್ಯ ಹಿಡಿದರೆ ಉಳಿಸಿದ ಫಲವೇನು?

ನಿಯಮಗಳ ಹಿಂದಿನ ವಿಜ್ಞಾನ

ನಿಯಮಗಳಲ್ಲಿ ಮುಖ್ಯವಾದುದು ಮುಂಗಾರಿನ ರಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ, ತಲಾ ೬೧ ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಚಿಕ್ಕ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿಯುಂಟು. ಈ ತಿಂಗಳುಗಳನ್ನೇ ಆರಿಸಿದ್ದೇಕೆ? ಇದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿದೆ. ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಗುಂಟ ಉತ್ತರದಿಂದ ದಕ್ಷಿಣದ ಕಡೆಗೆ ಬೀಸುವ ಗಾಳಿಯ ಅಂಶ ಪ್ರಬಲವಾಗಿರುತ್ತದೆ. ಭೂಮಿಯ ಆವರ್ತನದ ಪರಿಣಾಮವಾಗಿ ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಗಾಳಿಯ ದಿಕ್ಕಿಗೆ ಬಲಕ್ಕೆ, ಅಂದರೆ ಇಲ್ಲಿ ದಡದಿಂದ ಆಚೆಗೆ ಸರಿಯುತ್ತದೆ. ಆ ತೆರವನ್ನು ತುಂಬಲು ಕೆಳಗಿನ ತಣ್ಣನೆಯ ನೀರು ಮೇಲಕ್ಕೇರುತ್ತದೆ. ಅದರೊಡನೆ ತಳದಲ್ಲಿ ಶೇಖರವಾಗಿದ್ದ ನೈಟ್ರೇಟು, ಫಾಸ್ಫೇಟುಗಳೂ ಬರುತ್ತವೆ. ಹೊಲಕ್ಕೆ ಗೊಬ್ಬರ ಹಾಕಿದಂತಾಗುತ್ತದೆ. ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿಂದು ಬದುಕುವ ಬೂತಾಯಿ ತನ್ನ ಸಂತಾನ ಕಾಲವನ್ನು ಈ ಹಬ್ಬದೂಟಕ್ಕೆ ಹೊಂದಿಸಿಕೊಂಡಿದೆ. ಹಿಂದೆ ಉಬ್ಬರಿಸಿದ ಕಡಲೇ ದೋಣಿಗಳನ್ನು ದಡದಲ್ಲಿ ಕೂರಿಸಿ ಈ ರಜೆಯನ್ನು ಕೊಡುತ್ತಿತ್ತು. ಎಂಜಿನ್ನು ಬಂದ ಮೇಲೆ ಪ್ರಕೃತಿಯ ರಜೆಯನ್ನು ಕಾಯಿದೆಯ ರಜೆಯಾಗಿ ಮಾಡಬೇಕಾಯಿತು.

ಎರಡನೆಯದು ಮೀನಿನ ಕನಿಷ್ಠ ಅಳತೆ. ೨೦೧೫ರಲ್ಲಿ ಕೇರಳವು ದೇಶದಲ್ಲೇ ಮೊದಲಾಗಿ ಇದನ್ನು ಜಾರಿಗೆ ತಂದಿತು. ಅದರಂತೆ ಬೂತಾಯಿ ೧೦ ಸೆಂಟಿಮೀಟರಿಗಿಂತಲೂ ಬಂಗುಡೆ ೧೪ ಸೆಂಟಿಮೀಟರಿಗಿಂತಲೂ ಚಿಕ್ಕದಿದ್ದರೆ ಹಿಡಿಯಕೂಡದು. ಮರಿಗಳನ್ನು ಊಟಕ್ಕೆ ಕೊಳ್ಳುವವರು ಕಡಮೆ. ಅವು ಬಹುಮಟ್ಟಿಗೆ ಮೀನುಪುಡಿಯ ಕಾರ್ಖಾನೆಗಳಿಗೆ ಸೇರಿ, ಕೋಳಿಯ ಮತ್ತು ಸಾಕಿದ ಸಿಗಡಿಯ ಆಹಾರವಾಗುತ್ತವೆ. ಒಳನಾಡಿನ ಕೋಳಿಸಾಕಣೆಗೂ ಕಡಲ ಮರಿಮೀನಿಗೂ ಹೀಗೊಂದು ನಂಟುಂಟು.

ಮೂರನೆಯದು ಕೆಲವು ಉಪಾಯಗಳ ನಿಷೇಧ. ಎರಡು ದೋಣಿಗಳು ಕೂಡಿ ಒಂದೇ ದೊಡ್ಡ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗನ್ನೂ, ಪ್ರಖರವಾದ ಎಲ್‌ಇಡಿ ದೀಪ ಹಚ್ಚಿ ಮೀನನ್ನು ಸೆಳೆದು ಹಿಡಿಯುವುದನ್ನೂ ೨೦೧೭ರಲ್ಲಿ ಕೇಂದ್ರವು ನಿಷೇಧಿಸಿತು. ದೀಪದ ಸುತ್ತ ಹುಳುಗಳು ಮುತ್ತುವಂತೆ ಅನೇಕ ಮೀನುಗಳು ಬೆಳಕಿಗೆ ಬರುತ್ತವೆ. ಮರಿ ತಾಯಿಯೆಂಬ ಭೇದವಿಲ್ಲದೆ ಸುತ್ತಲಿನ ನೀರೆಲ್ಲ ಬರಿದಾಗುತ್ತದೆ.

ರಂಪಣಿಯ ಪಾಠ

ನಿಯಮಗಳು ಮೀನನ್ನು ಉಳಿಸಿದರೆ ಸಾಲದು. ಮೀನನ್ನು ಯಾರು ಹಿಡಿಯಬೇಕೆಂಬ ನ್ಯಾಯವನ್ನೂ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಒಂದು ಕಾಲಕ್ಕೆ ರಂಪಣಿ ಎಂಬ ಭಾರಿ ಬಲೆಯಿತ್ತು. ದಡಕ್ಕೆ ಬಂದ ಬಂಗುಡೆ ಬೂತಾಯಿಗಳ ಹಿಂಡನ್ನು ದೋಣಿಯಿಂದ ಬಲೆ ಬಿಟ್ಟು ಸುತ್ತುವರಿದು, ಹತ್ತಾರು ಮಂದಿ ದಡದಲ್ಲಿ ನಿಂತು ಎರಡು ತುದಿಗಳನ್ನೂ ಎಳೆಯುತ್ತಿದ್ದರು. ಬಲೆಯಲ್ಲಿ ಪಾಲಿದ್ದವರು ಕೂಡಿ ದುಡಿದು ಬಂದದ್ದನ್ನು ಹಂಚಿಕೊಳ್ಳುತ್ತಿದ್ದರು. ೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದುವು. ಅವು ಹಿಂಡು ದಡಕ್ಕೆ ಬರುವವರೆಗೆ ಕಾಯಲಿಲ್ಲ; ಹಿಂಡಿದ್ದಲ್ಲಿಗೇ ಹೋಗಿ ಸುತ್ತುವರಿದು, ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿದು ಎತ್ತಿದುವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಕೈರಂಪಣಿಯಂಥ ಚಿಕ್ಕ ಬಲೆ ಮಾತ್ರ ಅಲ್ಲಲ್ಲಿ ಉಳಿಯಿತು. ದಡದಲ್ಲಿ ನಿಂತು ಬಲೆಯೆಳೆಯುತ್ತಿದ್ದವರ ಪೈಕಿ ಕೆಲವರು ಬೋಟಿನ ಕೂಲಿಗಳಾದರು. ಕೆಲವರು ಕಸುಬನ್ನೇ ಬಿಟ್ಟರು. ದಡಕ್ಕೆ ಹತ್ತಿರದ ಕಡಲನ್ನು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲಿಡುವ ನಿಯಮ ಹುಟ್ಟಿದ್ದು ಇಂಥ ಸಂಘರ್ಷಗಳಿಂದಲೇ.

ಒಂದು ಮಾತನ್ನು ಇಲ್ಲಿ ಮರೆಯಬಾರದು. ೬೧ ದಿನ ರಜೆ ಕೊಟ್ಟು, ಉಳಿದ ೩೦೪ ದಿನಗಳಲ್ಲಿ ಎಂಜಿನ್ನಿನ ಶಕ್ತಿಯನ್ನೂ ಬೋಟುಗಳ ಸಂಖ್ಯೆಯನ್ನೂ ಹೆಚ್ಚಿಸುತ್ತ ಹೋದರೆ ರಜೆಯಲ್ಲಿ ಉಳಿಸಿದ್ದು ಆಗಸ್ಟಿನಲ್ಲಿ ಕರಗಿ ಹೋಗುತ್ತದೆ. ಕೆರೆಯ ತೂಬನ್ನು ಎರಡು ತಿಂಗಳು ಮುಚ್ಚಿ ಆಮೇಲೆ ಎರಡು ಪಟ್ಟು ಎತ್ತಿದಂತೆ. ಇನ್ನೊಂದು ಕಡೆ, ಸಾಲ ಮಾಡಿ ಬೋಟು ಕಟ್ಟಿಸಿದವನನ್ನು, ಮೀನು ಕಡಮೆಯಾದಷ್ಟೂ ಇನ್ನೂ ದೂರ, ಇನ್ನೂ ಹೆಚ್ಚು ಹೊತ್ತು ಹಿಡಿಯುವಂತೆ ಸಾಲವೇ ದೂಡುತ್ತದೆ. ಅವನನ್ನು ಬರಿಯ ದುರಾಸೆಯವನೆಂದು ಹಳಿಯುವುದು ಸುಲಭ. ಸಮಸ್ಯೆ ಅದರಿಂದ ಬಗೆಹರಿಯದು.

ಕಾವಲು ಹಡಗುಗಳು ಎಷ್ಟೇ ಇದ್ದರೂ ೨೦ ಲಕ್ಷ ಚದರ ಕಿಲೋಮೀಟರುಗಳ ನೀರಿನಲ್ಲಿ ಪ್ರತಿ ಬಲೆಯ ಕಣ್ಣನ್ನೂ ಅಳೆಯಲಾರವು. ಕಾಯಿದೆ ಬೇಕು, ವಿಜ್ಞಾನದ ಅಳತೆ ಬೇಕು. ಇವೆರಡರ ಜೊತೆಗೆ, ತಾವು ಬಿಟ್ಟ ಮರಿಯನ್ನು ಇನ್ನೊಬ್ಬನು ಹಿಡಿಯುವುದಿಲ್ಲವೆಂಬ ನಂಬಿಕೆ ಮೀನುಗಾರರಲ್ಲಿ ಹುಟ್ಟಬೇಕು. ನಿಯಮಗಳನ್ನು ಮಾಡುವಾಗ ಮೊಗವೀರರೂ ಖಾರ್ವಿಗಳೂ ಹರಿಕಂತ್ರರೂ ಬೋಟಿನ ಮಾಲಿಕರೂ ಒಂದೇ ಚಾವಡಿಯಲ್ಲಿ ಕುಳಿತಿದ್ದರೆ ಆ ನಂಬಿಕೆ ಬರುವುದು ಸಾಧ್ಯ. ನೀರುಗಂಟಿಯ ಬಲವಿದ್ದದ್ದು ಅವನ ಕೋಲಿನಲ್ಲಲ್ಲ. ಕೊನೆಯ ಗದ್ದೆಗೂ ನೀರು ತಲಪುವುದೆಂದು ಅಚ್ಚುಕಟ್ಟಿನವರೆಲ್ಲ ನಂಬಿದ್ದರಲ್ಲಿ. ದೇಶದ ಕಡಲಿಗೆ ಬೇಕಾಗಿರುವುದೂ ಅಂಥ ನೀರುಗಂಟಿಯೇ.